ನಾನು ಬರೆದ ರೇಷ್ಮೆ ಗೂಡಿನ ಲೆಕ್ಕದ ಸಾಫ್ಟ್‌ವೇರ್ ಬೇರೆಯವರ ಹೆಸರಲ್ಲಿ ಮಾರಾಟವಾಗುತ್ತಿದೆ. ಯಾವ ಲೈಸೆನ್ಸ್ ಹಾಕಲಿ?

ಗೂಡಿನಮನೆ, ಶಿಡ್ಲಘಟ್ಟ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮದು ರೀಲಿಂಗ್ ಮನೆ, ಅಂದರೆ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಮನೆ. ಅಪ್ಪ ದಿನಾ ಬೆಳಗ್ಗೆ ಮಾರ್ಕೆಟ್‌ಗೆ ಹೋಗಿ ಗೂಡು ತರುತ್ತಾರೆ. ಯಾವ ಲಾಟ್‌ಗೆ ಎಷ್ಟು ಕೊಟ್ಟೆವು, ಅದರಿಂದ ಎಷ್ಟು ನೂಲು ಬಂತು, ರೆಂಡಿಟ್ಟ (ಒಂದು ಕಿಲೋ ನೂಲಿಗೆ ಬೇಕಾದ ಗೂಡಿನ ತೂಕ) ಎಷ್ಟು ಬಿತ್ತು, ಕೆಲಸದವರಿಗೆ ಎಷ್ಟು ಮುಂಗಡ ಹೋಗಿದೆ, ಎಲ್ಲವೂ ಒಂದೇ ನೋಟ್‌ಬುಕ್‌ನಲ್ಲಿ ಇರುತ್ತಿತ್ತು. 2021ರಲ್ಲಿ ಆ ನೋಟ್‌ಬುಕ್ ಗೂಡು ಬೇಯಿಸುವ ನೀರಿಗೆ ಬಿತ್ತು. ಅರ್ಧ ವರ್ಷದ ಲೆಕ್ಕ ಅಳಿಸಿಹೋಯಿತು. ಆವತ್ತೇ ರಾತ್ರಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಫ್ಟ್‌ವೇರ್ ಬರೆಯಲು ಶುರು ಮಾಡಿದೆ. ಈಗ ನಮ್ಮ ಬೀದಿಯ ಹದಿನಾಲ್ಕು ರೀಲರ್‌ಗಳು ಅದನ್ನೇ ಬಳಸುತ್ತಾರೆ. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಕೋಡ್ ಗಿಟ್‌ಹಬ್ ಅನ್ನೋ ಕೋಡ್ ಹಂಚಿಕೊಳ್ಳುವ ಜಾಲತಾಣದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇದೆ.

ಹೋದ ತಿಂಗಳು ಗುರುತಿಲ್ಲದ ರೀಲರ್ ಒಬ್ಬರು ಫೋನ್ ಮಾಡಿ, ಬಿಲ್ ಪ್ರಿಂಟ್ ಆಗುತ್ತಿಲ್ಲ ಅಂದರು. ಅವರಿಗೆ ನಾನು ಸಾಫ್ಟ್‌ವೇರ್ ಕೊಟ್ಟೇ ಇರಲಿಲ್ಲ. ಹೋಗಿ ನೋಡಿದರೆ ಪಕ್ಕದ ಊರಿನ ಒಂದು ಕಂಪ್ಯೂಟರ್ ಅಂಗಡಿಯವರು 4,500 ರೂಪಾಯಿಗೆ ಮಾರಿದ್ದಾರೆ. ಮೊದಲ ಪರದೆಯಲ್ಲಿ ನನ್ನ ಹೆಸರು ತೆಗೆದು ಅಂಗಡಿ ಹೆಸರು ಹಾಕಿದ್ದಾರೆ. ಸಹಾಯದ ಪುಟದಲ್ಲಿದ್ದ ನನ್ನ ನಂಬರ್ ಮಾತ್ರ ಹಾಗೇ ಇತ್ತು, ಅದಕ್ಕೇ ನನಗೆ ಫೋನ್ ಬಂದಿದ್ದು. ನಾನು 'ಮುಂಗಡ' ಅನ್ನೋದನ್ನು ಒಂದು ಕಡೆ 'ಮುಗಂಡ' ಅಂತ ತಪ್ಪಾಗಿ ಟೈಪ್ ಮಾಡಿದ್ದೆ. ಅದೂ ಹಾಗೇ ಇದೆ.

ನಾನು ಎಲ್ಲೂ ರಿಜಿಸ್ಟರ್ ಮಾಡಿಸಿಲ್ಲ. ನನಗೆ ಹಕ್ಕಿದೆಯಾ? ಎಲ್ಲರೂ ಬಳಸಲಿ, ತಿದ್ದಲಿ ಅನ್ನೋದೇ ನನ್ನ ಆಸೆ. ಆದರೆ ಹೀಗೆ ಆಗಬಾರದು. ಯಾವ ಲೈಸೆನ್ಸ್ ಹಾಕಲಿ? ಇನ್ನೂ ಎರಡು ವಿಷಯ ಇದೆ. ಪ್ರಿಂಟ್ ಭಾಗ ಬರೆದಿದ್ದು ನನ್ನ ಚಿಕ್ಕಪ್ಪನ ಮಗ. ಮತ್ತೆ ಮೊದಲ ಒಂದೂವರೆ ವರ್ಷ ನಾನು ಬೆಂಗಳೂರಿನ ಕಂಪನಿಯಲ್ಲಿ ಕೆಲಸದಲ್ಲಿದ್ದೆ.

ಮಾಲೂರು_ಹೆಂಚು
ಓದಿ ಹೊಟ್ಟೆ ಉರಿಯಿತು ಅಣ್ಣ. ಬಿಡಬೇಡಿ.

ಪಾವಗಡ_ಬಿಸಿಲು
ಮೊದಲು ಪೇಟೆಂಟ್ ಮಾಡಿಸಿ. ಜೊತೆಗೆ ಕೋಡ್ ಪ್ರಿಂಟ್ ತೆಗೆದು ನಿಮ್ಮ ವಿಳಾಸಕ್ಕೇ ಪೋಸ್ಟ್ ಮಾಡಿ, ಕವರ್ ಒಡೆಯದೆ ಇಟ್ಟುಕೊಳ್ಳಿ. ಕೋರ್ಟ್‌ನಲ್ಲಿ ಅದೇ ಸಾಕ್ಷಿ.

ವಕೀಲ_ತುಮಕೂರು
ಪಾವಗಡದವರೇ, ಎರಡೂ ಬೇಡ. ನಮ್ಮ ಪೇಟೆಂಟ್ ಕಾಯ್ದೆಯ 3(ಕೆ) ಪ್ರಕಾರ ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ಪೇಟೆಂಟ್ ಸಿಗುವುದಿಲ್ಲ. ಮುಚ್ಚಿದ ಕವರ್‌ಗೆ ಕಾಪಿರೈಟ್ ಕಾಯ್ದೆಯಲ್ಲಿ ಯಾವ ಜಾಗವೂ ಇಲ್ಲ. ಅದಕ್ಕಿಂತ ಗಿಟ್ ಇತಿಹಾಸ ಎಷ್ಟೋ ಮೇಲು. ಯಾವ ದಿನ ಯಾವ ಸಾಲು ಬರೆದಿರಿ ಅಂತ ಅದರಲ್ಲೇ ಇದೆ.

ಗೂಡಿನಮನೆಯವರೇ, ನಿಮಗೆ ಹಕ್ಕಿದೆ. ಕಾಪಿರೈಟ್ ಅರ್ಜಿ ಹಾಕಿ ಪಡೆಯುವ ವಸ್ತು ಅಲ್ಲ. ಬರೆದ ಕ್ಷಣದಲ್ಲೇ ಹುಟ್ಟುತ್ತದೆ. 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯ ಸಾಲಿನಲ್ಲೇ ಇಟ್ಟಿದೆ. ಕಥೆ ಬರೆದವನಿಗೆ ಇರುವ ಹಕ್ಕೇ ನಿಮಗೂ ಇದೆ. ಬದುಕಿರುವಷ್ಟು ದಿನ, ಆಮೇಲೆ ಇನ್ನೂ 60 ವರ್ಷ. ಭಾರತ ಬರ್ನ್ ಅನ್ನೋ ಅಂತರರಾಷ್ಟ್ರೀಯ ಕಾಪಿರೈಟ್ ಒಪ್ಪಂದದಲ್ಲಿ ಇರುವುದರಿಂದ ಹೊರದೇಶಗಳಲ್ಲೂ ನಡೆಯುತ್ತದೆ. 57ನೇ ಸೆಕ್ಷನ್ ಅಂತ ಇದೆ. ಹಕ್ಕನ್ನು ಪೂರ್ತಿ ಮಾರಿಬಿಟ್ಟರೂ 'ಇದನ್ನು ಬರೆದವನು ನಾನು' ಅಂತ ಹೇಳಿಕೊಳ್ಳುವ ಹಕ್ಕು ಬರೆದವನ ಹತ್ತಿರವೇ ಉಳಿಯುತ್ತದೆ. ನಿಮ್ಮ ಹೆಸರು ಅಳಿಸಿದ್ದಾರಲ್ಲ, ಅದು ಇಲ್ಲಿಗೇ ಬಂದು ತಾಗುತ್ತದೆ.

ನೋಂದಣಿ ಕಡ್ಡಾಯ ಅಲ್ಲ. ಆದರೆ ಮಾಡಿಸಿದರೆ ಕೋರ್ಟ್‌ನಲ್ಲಿ ಮೊದಲ ನೋಟಕ್ಕೇ ಸಾಕ್ಷಿಯಾಗಿ ನಿಲ್ಲುತ್ತದೆ. ಶುಲ್ಕ 500 ರೂಪಾಯಿ, ಆನ್‌ಲೈನ್‌ನಲ್ಲೇ ಹಾಕಬಹುದು.

ಇನ್ನೊಂದು ಮಾತು. ಆ 'ಮುಗಂಡ'ವನ್ನು ಈಗಲೇ ತಿದ್ದಬೇಡಿ. ಇಬ್ಬರು ಬೇರೆ ಬೇರೆ ಕೂತು ಬರೆದರೆ ಒಂದೇ ಲೆಕ್ಕ ಬರಬಹುದು. ಒಂದೇ ತಪ್ಪು ಬರುವುದಿಲ್ಲ.

ಗೂಡಿನಮನೆ, ಶಿಡ್ಲಘಟ್ಟ
ಸಾರ್, ತುಂಬಾ ಧನ್ಯವಾದ. ಮೂರು ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಹಾಗಾದರೆ ನಾನು ಇದುವರೆಗೆ ಲೈಸೆನ್ಸ್ ಹಾಕದೇ ಇದ್ದಿದ್ದು ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂತ ಆಗುವುದಿಲ್ವಾ?

ಚಿಂತಾಮಣಿ_ಮೇಡಂ
ಆಗುವುದಿಲ್ಲ. ನಮ್ಮ ಕಾಲೇಜಿನ ಮಕ್ಕಳೂ ಇದನ್ನೇ ತಪ್ಪು ತಿಳಿಯುತ್ತಾರೆ. ಲೈಸೆನ್ಸ್ ಇಲ್ಲ ಅಂದರೆ ಅನುಮತಿಯೇ ಇಲ್ಲ ಅಂತ. ಗಿಟ್‌ಹಬ್ ನಿಯಮದ ಪ್ರಕಾರ ಅಲ್ಲಿ ಬಹಿರಂಗವಾಗಿ ಇಟ್ಟ ಕೋಡನ್ನು ಬೇರೆಯವರು ನೋಡಬಹುದು, ಅಲ್ಲೇ ಫೋರ್ಕ್ ಮಾಡಬಹುದು, ಅಂದರೆ ತಮ್ಮ ಖಾತೆಗೆ ಒಂದು ಪ್ರತಿ ಮಾಡಿಕೊಳ್ಳಬಹುದು. ಹೊರಗೆ ತಂದು ಬಳಸಲು, ಹಂಚಲು, ಮಾರಲು ನಿಮ್ಮ ಒಪ್ಪಿಗೆ ಬೇಕು.

ಆದರೆ ಇದರ ಇನ್ನೊಂದು ಮುಖವನ್ನೂ ನೋಡಿ. ಒಳ್ಳೆಯ ಮನಸ್ಸಿನಿಂದ ತಿದ್ದಿಕೊಡಲು ಬರುವವನಿಗೂ ಅನುಮತಿ ಇಲ್ಲ. ಮನೆ ಬಾಗಿಲು ತೆರೆದಿಟ್ಟು 'ಬನ್ನಿ' ಅಂತ ಬಾಯಿಬಿಟ್ಟು ಹೇಳದೇ ಇದ್ದ ಹಾಗೆ. ಆ ಮಾತೇ ಲೈಸೆನ್ಸ್.

ನಂದಿತಪ್ಪಲು
ಎಂಐಟಿ ಲೈಸೆನ್ಸ್ ಹಾಕಿ ಮುಗಿಸಿ. ಒಂದು ಪುಟವೂ ಇಲ್ಲ, ನಮ್ಮಂಥವರಿಗೂ ಓದಿದರೆ ಅರ್ಥವಾಗುತ್ತದೆ. ಏನು ಬೇಕಾದರೂ ಮಾಡಿ, ನನ್ನ ಕಾಪಿರೈಟ್ ಸಾಲು ಮತ್ತು ಈ ಬರಹ ಉಳಿಸಿ ಅನ್ನೋದು ಅಷ್ಟೇ. ಬಳಸುವವರಿಗೆ ಭಯ ಇರಬಾರದು. ನಾನು ಕೆಲಸ ಮಾಡುವ ಕಡೆ ಜಿಪಿಎಲ್ ಅನ್ನೋ ಇನ್ನೊಂದು ಲೈಸೆನ್ಸ್ ಹೆಸರು ಎತ್ತಿದ ತಕ್ಷಣ ಲೀಗಲ್‌ನವರು ಬೇಡ ಅಂತಾರೆ.

ಕೋಲಾರಮ್ಮನ_ಊರು
ನಿಮ್ಮ ಲೀಗಲ್‌ನವರಿಗೆ ಶಿಡ್ಲಘಟ್ಟದ ರೀಲರ್ ಯಾಕೆ ತಲೆಕೆಡಿಸಿಕೊಳ್ಳಬೇಕು? ಎಂಐಟಿ ಹಾಕಿದರೆ ಆ ಅಂಗಡಿಯವರು ಒಳಗೆಲ್ಲೋ ಒಂದು ಫೈಲ್‌ನಲ್ಲಿ ಇವರ ಹೆಸರಿಟ್ಟು, ನಾಲ್ಕು ಹೊಸ ರಿಪೋರ್ಟ್ ಸೇರಿಸಿ, ಕೋಡ್ ಮುಚ್ಚಿಟ್ಟು ಮಾರಬಹುದು. ಆ ರಿಪೋರ್ಟ್ ಹೇಗೆ ಬರೆದರು ಅಂತ ಇವರಿಗೂ ತೋರಿಸಬೇಕಿಲ್ಲ. ಜಿಪಿಎಲ್‌ನಲ್ಲಿ ಅದು ನಡೆಯುವುದಿಲ್ಲ. ಯಾರಿಗೆ ಪ್ರೋಗ್ರಾಂ ಕೊಡುತ್ತೀರೋ ಅವರಿಗೆ ಕೋಡ್ ಕೂಡ ಕೊಡಬೇಕು, ಅದೇ ಷರತ್ತಿನಲ್ಲಿ.

ಲಿಂಕ್‌ಸಿಸ್ ರೌಟರ್ ಕಥೆ ನೆನಪಿದೆಯಾ? ಡಬ್ಲ್ಯುಆರ್‌ಟಿ54ಜಿ ಅಂತ ನೀಲಿ ಡಬ್ಬ. ಒಳಗೆ ಜಿಪಿಎಲ್‌ನಲ್ಲಿರುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇದೆ ಅಂತ ಜನ ಕಂಡುಹಿಡಿದರು. 2003ರಲ್ಲಿ ಕಂಪನಿ ಕೋಡ್ ಹೊರಗೆ ಬಿಡಬೇಕಾಯಿತು. ಅದರಿಂದಲೇ ರೌಟರ್‌ಗಳಿಗೆ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಲಿನಕ್ಸ್ ಎಂಐಟಿಯಲ್ಲಿ ಇದ್ದಿದ್ದರೆ ಆ ಕೋಡ್ ಕೇಳುವ ಹಕ್ಕೇ ಯಾರಿಗೂ ಇರುತ್ತಿರಲಿಲ್ಲ.

ನಂದಿತಪ್ಪಲು
ವೆಬ್ ಪುಟ ಕಟ್ಟಲು ಜಗತ್ತೆಲ್ಲ ಬಳಸುವ ರಿಯಾಕ್ಟ್ ಎಂಐಟಿಯಲ್ಲೇ ಇದೆ. ಅದು ಹಾಳಾಗಿದೆಯಾ? ಷರತ್ತು ಜಾಸ್ತಿ ಆದಷ್ಟೂ ಬಳಸುವವರು ಕಮ್ಮಿ.

ಕೋಲಾರಮ್ಮನ_ಊರು
ಅದರ ಹಿಂದೆ ದೊಡ್ಡ ಕಂಪನಿಗಳಿವೆ ಸ್ವಾಮಿ. ಇಲ್ಲಿ ಇರುವುದು ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪ್.

ಮಿನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬರೆದ ಟ್ಯಾನೆನ್‌ಬಾಮ್ ಮೇಷ್ಟ್ರ ವಿಷಯ ಕೇಳಿ. ಅದು ಬಿಎಸ್‌ಡಿ ಲೈಸೆನ್ಸ್, ನಿಮ್ಮ ಎಂಐಟಿಯ ಅಣ್ಣತಮ್ಮ ಇದ್ದ ಹಾಗೆ. ಇಂಟೆಲ್‌ನವರು ಅದನ್ನು ತಮ್ಮ ಚಿಪ್‌ಗಳ ಒಳಗೆ ಹಾಕಿಕೊಂಡರು. ಬರೆದವರಿಗೆ ಅದು ಪತ್ರಿಕೆ ಓದಿ ಗೊತ್ತಾಗಿದ್ದು. 2017ರಲ್ಲಿ ಬಹಿರಂಗ ಪತ್ರ ಬರೆದರು. ಹೇಳಬೇಕಾದ ಕಟ್ಟಳೆ ನಿಮಗಿಲ್ಲ, ಒಂದು ಮಾತು ಹೇಳಿದ್ದರೆ ಚೆನ್ನಾಗಿತ್ತು ಅನ್ನುವ ಅರ್ಥದಲ್ಲಿ. ಅಷ್ಟು ದೊಡ್ಡವರಿಗೇ ಹಾಗಾಯಿತು.

ನಂದಿತಪ್ಪಲು
ಆ ಪತ್ರ ನಾನೂ ಓದಿದ್ದೇನೆ. ಲೈಸೆನ್ಸ್ ಬದಲಿಸುತ್ತೇನೆ ಅಂತ ಅವರು ಹೇಳಲಿಲ್ಲ. ಕಂಪನಿಗಳಿಗೆ ಜಿಪಿಎಲ್ ಇಷ್ಟವಾಗುವುದಿಲ್ಲ, ಅದಕ್ಕೇ ಬಿಎಸ್‌ಡಿ ಅಂತ ಅದರಲ್ಲೇ ಇದೆ. ಪೂರ್ತಿ ಹೇಳಿ.

ಶಿರಾಗೇಟ್_ಕಂಪ್ಯೂಟರ್ಸ್
ನಾನು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದೇನೆ. ಆ ಅಂಗಡಿ ನನ್ನದಲ್ಲ. ಆದರೆ ಅವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು. ನಮ್ಮ ಕಸುಬಿನಲ್ಲಿ ನೆಟ್‌ನಲ್ಲಿ ದುಡ್ಡು ಕೇಳದೆ ಸಿಕ್ಕಿದರೆ ಅದು ಎಲ್ಲರದ್ದು ಅಂತಲೇ ತಿಳಿದಿದ್ದೇವೆ. ಹೇಳಿಕೊಟ್ಟವರು ಯಾರೂ ಇಲ್ಲ. ಗಿರಾಕಿ ಮನೆಗೆ ಹೋಗಿ ಹಾಕಿಕೊಟ್ಟು, ಪ್ರಿಂಟರ್ ಸರಿ ಮಾಡಿ, ಮೂರು ಸಲ ಓಡಾಡಿದರೆ 4,500 ಜಾಸ್ತಿ ಏನಲ್ಲ.

ಹೆಸರು ಅಳಿಸಿದ್ದು ತಪ್ಪು. ಅದನ್ನು ಒಪ್ಪುತ್ತೇನೆ. ಕೇಸ್ ಹಾಕುವ ಮೊದಲು ಒಂದು ಸಲ ಎದುರು ಕೂತು ಮಾತಾಡಿ ತಮ್ಮ.

ಮಾಲೂರು_ಹೆಂಚು
ಮಾತಾಡೋದು ಏನು? ಕಳ್ಳತನ ಕಳ್ಳತನವೇ.

ವಕೀಲ_ತುಮಕೂರು
ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಆದರೂ ನಾನು ಶಿರಾಗೇಟ್‌ನವರ ಮಾತನ್ನೇ ಒಪ್ಪುತ್ತೇನೆ. ಮೊದಲು ಮಾತು, ಆಮೇಲೆ ನೋಟಿಸ್. ಕೊಂಡುಕೊಂಡ ರೀಲರ್‌ಗಳನ್ನು ಯಾವ ಕಾರಣಕ್ಕೂ ಹೆದರಿಸಬೇಡಿ. ಅವರು ದುಡ್ಡು ಕೊಟ್ಟೇ ತೆಗೆದುಕೊಂಡಿದ್ದಾರೆ.

ಗೂಡಿನಮನೆ, ಶಿಡ್ಲಘಟ್ಟ
ಒಂದು ನೇರ ಪ್ರಶ್ನೆ. ಬಳಸಿ, ತಿದ್ದಿ, ಆದರೆ ದುಡ್ಡಿಗೆ ಮಾರಬೇಡಿ ಅಂತ ನಾನೇ ಒಂದು ಸಾಲು ಸೇರಿಸಬಹುದಾ?

ಚಿಂತಾಮಣಿ_ಮೇಡಂ
ಸೇರಿಸಬಹುದು, ನಿಮ್ಮ ಕೋಡ್, ನಿಮ್ಮ ಇಷ್ಟ. ಆದರೆ ಆಮೇಲೆ ಅದನ್ನು ಓಪನ್ ಸೋರ್ಸ್ (ಎಲ್ಲರೂ ಬಳಸಿ, ತಿದ್ದಿ, ಹಂಚಬಹುದಾದ ಕೋಡ್) ಅನ್ನಲು ಬರುವುದಿಲ್ಲ. 1998ರಲ್ಲಿ ಶುರುವಾದ ಓಪನ್ ಸೋರ್ಸ್ ಇನಿಶಿಯೇಟಿವ್ ಹತ್ತು ಅಂಶಗಳ ಒಂದು ವ್ಯಾಖ್ಯೆ ಇಟ್ಟುಕೊಂಡಿದೆ. ಮಾರುವುದನ್ನು ತಡೆಯಬಾರದು, ಇಂಥ ಕೆಲಸಕ್ಕೆ ಬಳಸಬಾರದು ಅನ್ನಬಾರದು ಅಂತ ಅದರಲ್ಲಿದೆ. ಜಿಪಿಎಲ್ ಕೂಡ ಮಾರಾಟ ತಡೆಯುವುದಿಲ್ಲ. ಕೋಡ್ ಕೊಡದೆ ಮಾರುವುದನ್ನು ತಡೆಯುತ್ತದೆ.

ಇನ್ನೊಂದು ಕಷ್ಟ ಹೇಳುತ್ತೇನೆ. 'ದುಡ್ಡಿಗೆ ಬೇಡ' ಅಂತ ಬರೆದರೆ ನಾಳೆ ರೀಲರ್ ಒಬ್ಬರು ಊರಿನ ಹುಡುಗನಿಗೆ ಐನೂರು ಕೊಟ್ಟು ಹಾಕಿಸಿಕೊಂಡರೆ ಅದು ಮಾರಾಟವಾ? ರೀಲಿಂಗ್ ಮನೆಯೇ ವ್ಯಾಪಾರ ತಾನೇ, ಅಲ್ಲಿ ಬಳಸಬಹುದಾ? ನಾವೇ ಲೈಸೆನ್ಸ್ ಬರೆಯಲು ಹೋದರೆ ಹೀಗೇ ಸಿಕ್ಕಿಕೊಳ್ಳುತ್ತೇವೆ. ಎಷ್ಟೋ ಜನ ಓದಿ, ಕೋರ್ಟ್‌ನಲ್ಲಿ ಪರೀಕ್ಷೆಯಾಗಿ ಬಂದಿರುವ ಲೈಸೆನ್ಸ್‌ಗಳಿವೆ. ಅದರಲ್ಲೇ ಒಂದನ್ನು ಆರಿಸಿ.

ನಿಮ್ಮನ್ನೇ ಒಂದು ಕೇಳಲಾ? ನಿಮಗೆ ನೋವಾಗಿದ್ದು 4,500 ರೂಪಾಯಿಗಾ, ಹೆಸರು ಹೋಗಿದ್ದಕ್ಕಾ?

ಗೂಡಿನಮನೆ, ಶಿಡ್ಲಘಟ್ಟ
ಹೆಸರಿಗೆ ಮೇಡಂ. ಅಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ, ಕಂಪ್ಯೂಟರ್ ಬರುವುದಿಲ್ಲ. ಆದರೆ ಆ ಮೊದಲ ಪರದೆಯಲ್ಲಿ ನಮ್ಮ ಮನೆ ಹೆಸರು ಬಂದಾಗ ಬಂದವರಿಗೆಲ್ಲ ತೋರಿಸುತ್ತಾರೆ. ಆ ರೀಲರ್ ಮನೆಯಲ್ಲಿ ನಾನು ಅದನ್ನು ನೋಡಿದಾಗ ಅಪ್ಪ ಜೊತೆಗೇ ಇದ್ದರು.

ಬಾಗೇಪಲ್ಲಿ_ಬೆಟ್ಟ
ಇವತ್ತು ಸಿಬಿ (ಮಿಶ್ರ ತಳಿ) ಗೂಡು ಏನು ರೇಟ್ ಹೋಯಿತು? ಯಾರಾದರೂ ಮಾರ್ಕೆಟ್‌ನಲ್ಲಿ ಇದ್ದೀರಾ?

ಕೋಲಾರಮ್ಮನ_ಊರು
ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಕೇಳಿ.

ಕೋರ್ಟ್ ಅಂದಿದ್ದಕ್ಕೆ ನೆನಪಾಯಿತು. ಅಮೆರಿಕದಲ್ಲಿ ಆಟಿಕೆ ರೈಲು ಓಡಿಸುವ ಜೆಎಂಆರ್‌ಐ ಅನ್ನೋ ಪ್ರೋಗ್ರಾಂ ಇದೆ. ಹವ್ಯಾಸಕ್ಕೆ ಬರೆದವರು ಉಚಿತವಾಗಿ ಬಿಟ್ಟಿದ್ದರು. ಇನ್ನೊಬ್ಬರು ಅದರ ಫೈಲ್ ತೆಗೆದು, ಬರೆದವರ ಹೆಸರು ಬಿಟ್ಟು, ತಮ್ಮ ಉತ್ಪನ್ನಕ್ಕೆ ಹಾಕಿಕೊಂಡರು. ಉಚಿತವಾಗಿ ಕೊಟ್ಟ ಮೇಲೆ ನಷ್ಟ ಏನು ಅನ್ನೋ ವಾದ. 2008ರಲ್ಲಿ ಮೇಲ್ಮನವಿ ಕೋರ್ಟ್ ಹೇಳಿತು, ದುಡ್ಡು ಕೇಳದಿದ್ದರೂ ಷರತ್ತು ಷರತ್ತೇ, ಅದನ್ನು ಮೀರಿದರೆ ಕಾಪಿರೈಟ್ ಉಲ್ಲಂಘನೆ ಅಂತ. ನಿಮ್ಮ ಕಥೆ ತರಹವೇ ಇದೆ ಅಲ್ವಾ?

ಗುಬ್ಬಿ_ಹುಡುಗ
ಅಣ್ಣ, ನಾನು ಇನ್ನೂ ಓದುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ನಿಮ್ಮ ಕೋಡ್ ಈಗ ತೆರೆದು ನೋಡಿದೆ. ಪರದೆಗಳೆಲ್ಲ ಪೈಕ್ಯೂಟಿಯಲ್ಲಿ (ಪೈಥಾನ್‌ನಲ್ಲಿ ಪರದೆ, ಬಟನ್ ಕಟ್ಟಲು ಬೇರೆಯವರು ಬರೆದಿಟ್ಟ ಕೋಡ್) ಬರೆದಿದ್ದೀರಿ. ಪೈಕ್ಯೂಟಿ ಬರುವುದು ಎರಡೇ ದಾರಿಯಲ್ಲಿ. ಒಂದು ಜಿಪಿಎಲ್ 3 (ಜಿಪಿಎಲ್‌ನ ಮೂರನೇ ಆವೃತ್ತಿ), ಇನ್ನೊಂದು ದುಡ್ಡು ಕೊಟ್ಟು ಕೊಳ್ಳುವ ಲೈಸೆನ್ಸ್. ನೀವು ದುಡ್ಡು ಕೊಟ್ಟಿಲ್ಲ ಅಂದರೆ, ಅದನ್ನು ಸೇರಿಸಿ ಕಟ್ಟಿದ ಪ್ರೋಗ್ರಾಂ ಅನ್ನು ಜಿಪಿಎಲ್ ಷರತ್ತಿನಲ್ಲೇ ಕೊಡಬೇಕಿತ್ತು. ಹದಿನಾಲ್ಕು ಮನೆಗೆ ಕೊಟ್ಟಿದ್ದೀರಿ, ಲೈಸೆನ್ಸ್ ಇಲ್ಲದೆ.

ಮಾಲೂರು_ಹೆಂಚು
ಅಂದರೆ ಇವರೇ ತಪ್ಪು ಮಾಡಿದ್ದಾರೆ ಅಂತೀಯಾ?

ಗುಬ್ಬಿ_ಹುಡುಗ
ಬೇಕು ಅಂತ ಅಲ್ಲ ಅಣ್ಣ. ಆದರೆ ಹೌದು.

ವಕೀಲ_ತುಮಕೂರು
ಹುಡುಗ ಸರಿಯಾಗಿ ಹಿಡಿದಿದ್ದಾನೆ. ನಾವೆಲ್ಲ ಯಾವುದು ಚೆಂದ ಅಂತ ಜಗಳ ಆಡುತ್ತಿದ್ದೆವು. ಮೊದಲು ಕೇಳಬೇಕಾಗಿದ್ದು, ಒಳಗೆ ಬೇರೆ ಯಾರದ್ದು ಏನೇನು ಇದೆ ಅಂತ.

ಗಾಬರಿ ಬೇಡ. ಜಿಪಿಎಲ್ 3ರಲ್ಲೇ ದಾರಿ ಇದೆ. ತಪ್ಪು ನಿಲ್ಲಿಸಿದರೆ ಅನುಮತಿ ಮರಳುತ್ತದೆ. ಅಲ್ಲಿಂದ 60 ದಿನದಲ್ಲಿ ಹಕ್ಕಿರುವವರು ಆಕ್ಷೇಪ ಎತ್ತದೇ ಇದ್ದರೆ ಅದು ಖಾಯಂ. ಈಗಲೇ ಸರಿಪಡಿಸಿ.

ನಂದಿತಪ್ಪಲು
ಪೈಕ್ಯೂಟಿ ನಾನು ಗಮನಿಸಲೇ ಇಲ್ಲ. ಎರಡು ದಾರಿ ಇದೆ. ಪೈಸೈಡ್ ಅಂತ ಅದೇ ಕೆಲಸ ಮಾಡುವ ಬೇರೊಂದು ಇದೆ, ಅದು ಎಲ್‌ಜಿಪಿಎಲ್‌ನಲ್ಲಿ (ಜಿಪಿಎಲ್‌ನ ಸಡಿಲ ರೂಪ) ಸಿಗುತ್ತದೆ. ಅದಕ್ಕೆ ಬದಲಿಸಿಕೊಂಡರೆ ನಿಮ್ಮ ಕೋಡ್‌ಗೆ ಯಾವ ಲೈಸೆನ್ಸ್ ಬೇಕಾದರೂ ಹಾಕಬಹುದು. ಬದಲಿಸದೆ ಎಂಐಟಿ ಹಾಕಿದರೂ ನಿಮ್ಮ ಭಾಗಕ್ಕೆ ಅದು ಸಲ್ಲುತ್ತದೆ, ಆದರೆ ಪೈಕ್ಯೂಟಿ ಜೊತೆ ಕಟ್ಟಿ ಕೊಡುವ ಇಡೀ ಪ್ಯಾಕೇಜ್ ಜಿಪಿಎಲ್ ಪ್ರಕಾರವೇ ಹೋಗಬೇಕು. ಇಲ್ಲಿ ಜಿಪಿಎಲ್ 3 ಸುಲಭ ಅಂತ ಈಗ ನನಗೂ ಅನ್ನಿಸುತ್ತಿದೆ.

ಗೂಡಿನಮನೆ, ಶಿಡ್ಲಘಟ್ಟ
ಇದು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನಾನು ಅಂಗಡಿಯವರ ಮೇಲೆ ಅಷ್ಟು ಕೋಪ ಮಾಡಿಕೊಂಡೆ. ಪೈಕ್ಯೂಟಿ ಬರೆದವರ ಮಾತನ್ನು ನಾನೂ ಓದಿರಲಿಲ್ಲ. ಗುಬ್ಬಿ ತಮ್ಮ, ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್. ಜಿಪಿಎಲ್ 3 ಅಂತ ತೀರ್ಮಾನ. ನನಗೆ ಬೇಕಾಗಿದ್ದೂ ಹೆಚ್ಚುಕಮ್ಮಿ ಅದೇ.

ತಮ್ಮನ ಭಾಗ, ಕಂಪನಿ ವಿಷಯ ಏನು ಮಾಡಲಿ ಸಾರ್?

ವಕೀಲ_ತುಮಕೂರು
ತಮ್ಮ ಬರೆದಿದ್ದು ತಮ್ಮನದ್ದು. ಒಂದೇ ಮನೆಯವರು ಅಂತ ಕಾಯ್ದೆ ನೋಡುವುದಿಲ್ಲ. ಎರಡು ದಾರಿ. ಅವನ ಭಾಗವನ್ನೂ ಜಿಪಿಎಲ್ 3ರಲ್ಲಿ ಬಿಡಲು ಒಪ್ಪಿದ್ದೇನೆ ಅಂತ ಅವನಿಂದ ಬರೆಸಿಕೊಳ್ಳಿ. ಇಲ್ಲವೇ ಹಕ್ಕನ್ನೇ ನಿಮಗೆ ಬರೆದುಕೊಡಲಿ. ಬರೆದುಕೊಡುವುದಾದರೆ ಸಹಿ ಬೇಕೇ ಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಕಾಯ್ದೆ ತಿಳಿಯುತ್ತದೆ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ನನ್ನ ಸಲಹೆ ಮೊದಲನೆಯದು. ಇಬ್ಬರ ಹೆಸರೂ ಕಾಪಿರೈಟ್ ಸಾಲಿನಲ್ಲಿ ಇರಲಿ.

ಕಂಪನಿ ವಿಷಯ ಜಾಸ್ತಿ ಮುಖ್ಯ. ನೌಕರಿಯ ಭಾಗವಾಗಿ ಬರೆದಿದ್ದು ಮಾಲೀಕರದ್ದು, 17ನೇ ಸೆಕ್ಷನ್. ನೀವು ರಾತ್ರಿ ಮನೆಯಲ್ಲಿ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಗೂಡಿನ ಲೆಕ್ಕ ಬರೆದಿರಿ. ಅದು ನೌಕರಿಯ ಕೆಲಸ ಅಲ್ಲ. ಆದರೆ ಆಫರ್ ಲೆಟರ್ ತೆಗೆದು ಓದಿ. ಕೆಲಸದಲ್ಲಿ ಇರುವಾಗ ಏನು ಬರೆದರೂ ಕಂಪನಿಗೆ ಅಂತ ಕೆಲವರು ಒಂದು ಸಾಲು ಸೇರಿಸಿರುತ್ತಾರೆ. ಇದ್ದರೆ ಅವರಿಂದ ಒಂದು ಬರಹ ತೆಗೆದುಕೊಳ್ಳಿ.

ಚಿಂತಾಮಣಿ_ಮೇಡಂ
ಮುಂದೆ ಹೊರಗಿನವರು ಕೋಡ್ ಕಳಿಸಿದಾಗಲೂ ಇದು ನೆನಪಿರಲಿ. ವಿಎಲ್‌ಸಿ ವಿಡಿಯೋ ಪ್ಲೇಯರ್‌ನವರು ಎಷ್ಟೋ ವರ್ಷದ ಮೇಲೆ ತಮ್ಮ ಕೋಡ್‌ನ ಬಹುಭಾಗವನ್ನು ಜಿಪಿಎಲ್‌ನಿಂದ ಎಲ್‌ಜಿಪಿಎಲ್‌ಗೆ ಒಯ್ಯಲು ನೂರಾರು ಜನರನ್ನು ಹುಡುಕಿ ಒಪ್ಪಿಗೆ ಕೇಳಬೇಕಾಯಿತು. ಲಿನಕ್ಸ್‌ನಲ್ಲಿ 2004ರಿಂದ ಪ್ರತಿ ಬದಲಾವಣೆ ಕೆಳಗೂ 'ಇದನ್ನು ಕೊಡುವ ಹಕ್ಕು ನನಗಿದೆ' ಅಂತ ಕಳಿಸಿದವರು ಒಂದು ಸಾಲು ಹಾಕುತ್ತಾರೆ. ನೀವೂ ಶುರುವಿನಿಂದಲೇ ಅದನ್ನು ಕೇಳಿ.

ಕೋರಮಂಡಲ್_ಕೆಜಿಎಫ್
ಅಂಗಡಿಯವರು ನಾಳೆ ಇದನ್ನೇ ವೆಬ್‌ಸೈಟ್ ಮಾಡಿ ತಿಂಗಳ ಬಾಡಿಗೆಗೆ ಕೊಟ್ಟರೆ? ಆಗ ಯಾರಿಗೂ ಪ್ರೋಗ್ರಾಂ 'ಕೊಟ್ಟ' ಹಾಗೆ ಆಗುವುದಿಲ್ಲ, ಜಿಪಿಎಲ್ ಪ್ರಕಾರ ಕೋಡ್ ಕೊಡಬೇಕಿಲ್ಲ. ಆ ಕಿಂಡಿ ಮುಚ್ಚಲೆಂದೇ 2007ರಲ್ಲಿ ಎಜಿಪಿಎಲ್ 3 ಬಂದಿದ್ದು. ಅದನ್ನೇ ಹಾಕಬಹುದಲ್ವಾ?

ಗುಬ್ಬಿ_ಹುಡುಗ
ಜಿಪಿಎಲ್ 3 ಜೊತೆ ಎಜಿಪಿಎಲ್ 3 ಸೇರಿಸಲು ಅವಕಾಶ ಇದೆ, ಪೈಕ್ಯೂಟಿಗೆ ತೊಂದರೆ ಆಗಲ್ಲ. ಆದರೆ ಇದು ಡೆಸ್ಕ್‌ಟಾಪ್ ಪ್ರೋಗ್ರಾಂ ತಾನೇ.

ಗೂಡಿನಮನೆ, ಶಿಡ್ಲಘಟ್ಟ
ನಮ್ಮ ಮನೆಗಳಲ್ಲಿ ನೆಟ್ ಇಲ್ಲದ ಕಂಪ್ಯೂಟರ್‌ಗಳೇ ಜಾಸ್ತಿ. ಸದ್ಯಕ್ಕೆ ಜಿಪಿಎಲ್ ಸಾಕು. ಲೆಕ್ಕ ತಪ್ಪಾಗಿ ಯಾರಿಗಾದರೂ ನಷ್ಟ ಆದರೆ ನನ್ನ ಮೇಲೆ ಬರುತ್ತದಾ ಅನ್ನೋದು ಅಪ್ಪನ ಚಿಂತೆ.

ನಂದಿತಪ್ಪಲು
ಎಂಐಟಿ ಆಗಲಿ, ಜಿಪಿಎಲ್ ಆಗಲಿ, ದೊಡ್ಡ ಅಕ್ಷರದಲ್ಲಿ 'ಯಾವ ಖಾತರಿಯೂ ಇಲ್ಲ' ಅಂತ ಇರುತ್ತದೆ. ಅದಕ್ಕಾದರೂ ಲೈಸೆನ್ಸ್ ಬೇಕು. ಆ ಭಾಗವನ್ನು ಕನ್ನಡದಲ್ಲೂ ಹೇಳಿ. ರೀಲರ್‌ಗಳಿಗೆ ಅರ್ಥವಾಗಬೇಕು.

ಕೋಲಾರಮ್ಮನ_ಊರು
ಕನ್ನಡದಲ್ಲಿ ವಿವರಣೆ ಬರೆಯಿರಿ, ಆದರೆ ಲೈಸೆನ್ಸ್ ಫೈಲ್‌ನಲ್ಲಿ ಇಂಗ್ಲಿಷ್ ಪಠ್ಯ ಒಂದಕ್ಷರ ಬದಲಿಸದೆ ಪೂರ್ತಿ ಇಡಿ. ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಅದರ ಅನುವಾದಗಳನ್ನು ಅಧಿಕೃತ ಅಂತ ಒಪ್ಪುವುದಿಲ್ಲ. ಪ್ರತಿ ಫೈಲ್‌ನ ತಲೆಯಲ್ಲಿ ಕಾಪಿರೈಟ್ ಸಾಲು, ಎಸ್‌ಪಿಡಿಎಕ್ಸ್ ಗುರುತಿನ ಸಾಲು (ಯಾವ ಲೈಸೆನ್ಸ್ ಅಂತ ಹೇಳುವ ಚಿಕ್ಕ ಗುರುತು) ಹಾಕಿ. ಒಂದೇ ಫೈಲ್ ಕಿತ್ತುಕೊಂಡು ಹೋದರೂ ಹೆಸರು ಅದರ ಜೊತೆಗೇ ಹೋಗುತ್ತದೆ.

ಪಾವಗಡ_ಬಿಸಿಲು
ಬಿಲ್‌ನಲ್ಲಿ ಕನ್ನಡ ಫಾಂಟ್ ಯಾವುದು? ಅದಕ್ಕೂ ಲೈಸೆನ್ಸ್ ಇರುತ್ತದಾ?

ಗುಬ್ಬಿ_ಹುಡುಗ
ಇರುತ್ತದೆ. ಇವರು ನೋಟೋ ಸಾನ್ಸ್ ಕನ್ನಡ ಬಳಸಿದ್ದಾರೆ. ಅದು ಓಪನ್ ಫಾಂಟ್ ಲೈಸೆನ್ಸ್. ಪ್ರೋಗ್ರಾಂ ಜೊತೆ ಕಟ್ಟಿ ಕೊಡಬಹುದು, ಫಾಂಟ್ ಒಂದನ್ನೇ ಮಾರುವಂತಿಲ್ಲ. ಡೆಬಿಯನ್ ಅನ್ನೋ ಲಿನಕ್ಸ್ ರೂಪದಲ್ಲಿ ಗುಬ್ಬಿ, ನವಿಲು ಅಂತ ಎರಡು ಕನ್ನಡ ಫಾಂಟ್ ಕೂಡ ಇವೆ. ನಮ್ಮೂರ ಹೆಸರು ನೋಡಿ ನನಗೆ ತುಂಬಾ ಖುಷಿಯಾಗಿತ್ತು.

ಗೂಡಿನಮನೆ, ಶಿಡ್ಲಘಟ್ಟ
ಮೂರು ವಾರ ಆಯಿತು. ಏನೇನು ಆಯಿತು ಅಂತ ಹೇಳುತ್ತೇನೆ.

ಆಫರ್ ಲೆಟರ್‌ನಲ್ಲಿ ವಕೀಲ ಸಾರ್ ಹೇಳಿದ ಸಾಲು ಇತ್ತು. ಹಳೆಯ ಕಂಪನಿಗೆ ಮೇಲ್ ಹಾಕಿದೆ. ಎರಡು ಸಲ ನೆನಪಿಸಿದ ಮೇಲೆ, ಈ ಪ್ರೋಗ್ರಾಂ ಮೇಲೆ ನಮ್ಮ ಹಕ್ಕು ಏನೂ ಇಲ್ಲ ಅಂತ ಬರಹ ಕಳಿಸಿದರು. ಚಿಕ್ಕಪ್ಪನ ಮಗ ಒಪ್ಪಿಗೆ ಬರೆದು ಸಹಿ ಹಾಕಿದ. ತನ್ನ ಹೆಸರೂ ಮೇಲೆ ಬರುತ್ತದೆ ಅಂತ ಅವನಿಗೆ ಸಂತೋಷ. ಜಿಪಿಎಲ್ 3 ಹಾಕಿದ್ದೇನೆ. ಹದಿನಾಲ್ಕು ಮನೆಗೂ ಹೋಗಿ ಹೊಸ ಆವೃತ್ತಿ ಹಾಕಿ, ಕೋಡ್ ಇರುವ ಪೆನ್‌ಡ್ರೈವ್ ಕೂಡ ಕೊಟ್ಟೆ. ನೋಂದಣಿಗೆ ಅರ್ಜಿ ಹಾಕಿ 500 ಕಟ್ಟಿದೆ.

ಅಂಗಡಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಅವರು ಮೊದಲು ನಾನೇ ಬರೆದಿದ್ದು ಅಂದರು. 'ಮುಗಂಡ' ತೋರಿಸಿದೆ. ಸುಮ್ಮನಾದರು. ಆಮೇಲೆ ಅವರೇ ಕಾಫಿ ತರಿಸಿದರು. ಮಾರಿದ್ದ ಮೂರೂ ಕಡೆ ನಮ್ಮ ಹೆಸರಿರುವ ಆವೃತ್ತಿಯನ್ನು ಕೋಡ್ ಸಮೇತ ಹಾಕಿಕೊಟ್ಟಿದ್ದಾರೆ. ಮುಂದೆಯೂ ಹಾಕಿಕೊಡುತ್ತೇನೆ, ಓಡಾಟದ ಖರ್ಚು ತೆಗೆದುಕೊಳ್ಳುತ್ತೇನೆ ಅಂದರು. ನಾನು ಒಪ್ಪಿದೆ.

ಮಾಲೂರು_ಹೆಂಚು
ಆ ಮೂವರ 4,500 ವಾಪಸ್ ಕೊಡಿಸಬೇಕಿತ್ತು. ನೀವು ತುಂಬಾ ಮೆತ್ತಗೆ ಆದಿರಿ.

ಶಿರಾಗೇಟ್_ಕಂಪ್ಯೂಟರ್ಸ್
ಸರಿಯಾಗೇ ಮಾಡಿದ್ದಾರೆ. ನಾಳೆಯಿಂದ ನನ್ನ ಅಂಗಡಿಯಲ್ಲೂ ಲೈಸೆನ್ಸ್ ಫೈಲ್ ನೋಡದೆ ಏನೂ ಹಾಕುವುದಿಲ್ಲ.

ಕೋಲಾರಮ್ಮನ_ಊರು
ನಮ್ಮೂರ ಹಾಲಿನ ಡೇರಿ ಕಾರ್ಯದರ್ಶಿ ಕೂಡ ನೋಟ್‌ಬುಕ್‌ನಲ್ಲೇ ಲೆಕ್ಕ ಬರೆಯುತ್ತಾರೆ. ನಿಮ್ಮ ಕೋಡ್ ಇಳಿಸಿಕೊಂಡೆ. ಲಾಟ್ ಇದ್ದ ಕಡೆ ಲೀಟರ್, ರೆಂಡಿಟ್ಟ ಇದ್ದ ಕಡೆ ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಅಂಶ) ಹಾಕುತ್ತಿದ್ದೇನೆ. ಎರಡು ಭಾನುವಾರದ ಕೆಲಸ. ಮೊದಲ ಪರದೆಯಲ್ಲಿ ನಿಮ್ಮಿಬ್ಬರ ಹೆಸರು ಹಾಗೇ ಇದೆ, ಕೆಳಗೆ ನನ್ನದು ಸೇರಿಸಿದ್ದೇನೆ. ಮುಗಿದ ಮೇಲೆ ಕೋಡ್ ಅಲ್ಲೇ ಇಡುತ್ತೇನೆ. 'ಮುಗಂಡ' ಈಗ ತಿದ್ದಬಹುದಾ?

ಗೂಡಿನಮನೆ, ಶಿಡ್ಲಘಟ್ಟ
ತಿದ್ದಿ ಅಣ್ಣ. ನನಗೂ ಕಳಿಸಿ, ಸೇರಿಸಿಕೊಳ್ಳುತ್ತೇನೆ.